ಸರ್ವರುಗಳ ಜಾಲಾಧಾರಿತ ಅನುಸ್ಥಾಪನೆ: ಹಳೆಯ ಪದ್ಧತಿಯ ಮಿತಿಗಳು ಹಾಗೂ ಆಧುನೀಕರಣದ ಅಗತ್ಯ

(ಸಾರ್ವಜನಿಕರ ಮಾಹಿತಿಗಾಗಿ)

ಆದಾಯ ಪ್ರಮಾಣಪತ್ರ, ಪಹಣಿ, ಪಿಂಚಣಿ ಮೊದಲಾದ ಸೇವೆಗಳಿಗಾಗಿ ಬರುವ ಅರ್ಜಿದಾರರಿಗೆ ಕೌಂಟರಿನಲ್ಲಿ ಕೆಲವೊಮ್ಮೆ "ಸರ್ವರ್ ಇಲ್ಲ" ಎಂಬ ಉತ್ತರ ದೊರೆಯುವುದುಂಟು. ಇದಕ್ಕೆ ಕಾರಣಗಳು ಹಲವು. ಕೆಟ್ಟುಹೋದ ಸರ್ವರು ಎಷ್ಟು ಬೇಗ ಪುನಃ ಸಜ್ಜಾಗುತ್ತದೆ ಎಂಬುದು ಅದನ್ನು ಅನುಸ್ಥಾಪಿಸುವ ವಿಧಾನವನ್ನೂ ಅವಲಂಬಿಸಿರುತ್ತದೆ. ಸದರಿ ವಿಧಾನವನ್ನು ಕುರಿತು ಇಲ್ಲಿ ವಿವರಿಸಲಾಗಿದೆ.

1. ಹಿಂದಿನಿಂದ ಬಂದ ಪದ್ಧತಿ

ದತ್ತಾಂಶ ಕೇಂದ್ರದಲ್ಲಿ ನೂರಾರು ಸರ್ವರುಗಳಿದ್ದಾಗ ಪ್ರತಿಯೊಂದಕ್ಕೂ ಸಿ.ಡಿ. ಹಾಕಿ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸುವುದು ಕಾರ್ಯಸಾಧ್ಯವಲ್ಲ. ಇದಕ್ಕಾಗಿ ಇಂಟೆಲ್ ಸಂಸ್ಥೆಯು ರೂಪಿಸಿದ ಪಿಎಕ್ಸ್‌ಇ ವಿಧಾನದ 2.1ನೇ ಆವೃತ್ತಿಯು 1999ರಲ್ಲಿ ಪ್ರಕಟವಾಯಿತು. ಇದರಂತೆ ಸರ್ವರು ಚಾಲನೆಗೊಂಡೊಡನೆ ಡಿಎಚ್‌ಸಿಪಿ ಮೂಲಕ ತನ್ನ ವಿಳಾಸವನ್ನೂ, ಟಿಎಫ್‌ಟಿಪಿ ಮೂಲಕ ಆರಂಭಿಕ ಕಡತವನ್ನೂ ಜಾಲದಿಂದಲೇ ಪಡೆಯುತ್ತದೆ.

2. ಇದರ ಮಿತಿಗಳು

ಟಿಎಫ್‌ಟಿಪಿ ತನ್ನ ಮೂಲ ರೂಪದಲ್ಲಿ ಕಡತವನ್ನು 512 ಬೈಟುಗಳ ತುಣುಕುಗಳಾಗಿ ಕಳುಹಿಸುತ್ತದೆ. ಪ್ರತಿ ತುಣುಕಿಗೂ ಸ್ವೀಕೃತಿ ಬಂದ ನಂತರವೇ ಮುಂದಿನದು ಹೊರಡುತ್ತದೆ. ಲೆಕ್ಕಪುಸ್ತಕವನ್ನು ಒಂದೊಂದೇ ಹಾಳೆಯಾಗಿ ಕೊಟ್ಟು, ಪ್ರತಿ ಹಾಳೆಗೂ ಸಹಿ ಪಡೆದಂತೆ ಇದು. 50 ಎಂ.ಬಿ. ಕಡತಕ್ಕೆ ಇಂತಹ 1 ಲಕ್ಷಕ್ಕೂ ಹೆಚ್ಚು ಸ್ವೀಕೃತಿಗಳು ಬೇಕು. ತುಣುಕಿನ ಗಾತ್ರವನ್ನು ಹೆಚ್ಚಿಸಲು 1995ರಲ್ಲಿ ಅವಕಾಶ ಕಲ್ಪಿಸಲಾಯಿತಾದರೂ ಮುಖ್ಯ ದೋಷ ಹಾಗೆಯೇ ಉಳಿಯಿತು: ಕಳುಹಿಸಿದವರು ಯಾರೆಂಬ ದೃಢೀಕರಣವಾಗಲಿ, ಗೂಢಲಿಪೀಕರಣವಾಗಲಿ ಇದರಲ್ಲಿಲ್ಲ. ವೋಚರು ನೋಡದೆ ಹಣ ಪಾವತಿಸುವುದಕ್ಕೆ ಇದನ್ನು ಹೋಲಿಸಬಹುದು.

3. ಆಧುನೀಕರಣ

2015ರ ಯುಇಎಫ್‌ಐ 2.5 ಆವೃತ್ತಿಯಲ್ಲಿ ಎಚ್‌ಟಿಟಿಪಿ ಮೂಲಕ ಸರ್ವರನ್ನು ಆರಂಭಿಸುವ ವಿಧಾನವನ್ನು ಸೇರಿಸಲಾಯಿತು. ದೊಡ್ಡ ಕಡತಗಳು ಇದರಲ್ಲಿ ವೇಗವಾಗಿ ಬರುತ್ತವೆ. ಎಚ್‌ಟಿಟಿಪಿಎಸ್ ಬಳಸಿದಲ್ಲಿ ಕಡತ ಕಳುಹಿಸುವ ಯಂತ್ರದ ಗುರುತನ್ನೂ ಪರಿಶೀಲಿಸಬಹುದು. ಸೆಕ್ಯೂರ್ ಬೂಟ್ ವ್ಯವಸ್ಥೆಯು ಕಡತದ ಮೇಲಿನ ಡಿಜಿಟಲ್ ಸಹಿಯನ್ನು ತಾಳೆನೋಡಿ, ಹೊಂದದಿದ್ದಲ್ಲಿ ಅದನ್ನು ತಿರಸ್ಕರಿಸುತ್ತದೆ.

4. ಎಚ್ಚರಿಕೆಯ ಅಂಶಗಳು

ಹೊಸದೆಂಬ ಮಾತ್ರಕ್ಕೆ ಯಾವುದೂ ನಿರಪಾಯಕಾರಿಯಲ್ಲ. 2024ರ ಜನವರಿಯಲ್ಲಿ ಕ್ವಾರ್ಕ್ಸ್‌ಲ್ಯಾಬ್ ಸಂಶೋಧಕರು ಯುಇಎಫ್‌ಐನ ಇಡಿಕೆ-2 ತಂತ್ರಾಂಶದ ಜಾಲಭಾಗದಲ್ಲಿ 9 ದೋಷಗಳನ್ನು ಪ್ರಕಟಿಸಿದರು. ಇವುಗಳಿಗೆ 'ಪಿಕ್ಸಿಫೇಲ್' ಎಂದು ಹೆಸರು. ಕಡತದ ಸಹಿ ಪರಿಶೀಲನೆಗೊಳ್ಳುವ ಮೊದಲೇ, ಜಾಲಸಂಪರ್ಕದ ಹಂತದಲ್ಲಿ ಈ ದೋಷಗಳು ಎದುರಾಗುವುದರಿಂದ ಸಹಿಯೊಂದನ್ನೇ ನಂಬಿ ಕೂರುವಂತಿಲ್ಲ. ಯಂತ್ರಗಳ ಫರ್ಮ್‌ವೇರ್ ನವೀಕರಣವೂ, ಅನುಸ್ಥಾಪನೆಗೆ ಪ್ರತ್ಯೇಕ ಜಾಲವೂ ಅವಶ್ಯ.

ಅಲ್ಲದೆ, ಸೆಕ್ಯೂರ್ ಬೂಟ್‌ಗಾಗಿ ಮೈಕ್ರೋಸಾಫ್ಟ್ 2011ರಲ್ಲಿ ನೀಡಿದ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಹಂತಹಂತವಾಗಿ ಮುಗಿಯುವಂತೆ ನಿಗದಿಯಾಗಿದೆ. ಅವಧಿ ಮುಗಿದೊಡನೆ ಯಂತ್ರಗಳು ನಿಲ್ಲುವುದಿಲ್ಲ. ಆದರೆ 2023ರ ಹೊಸ ಪ್ರಮಾಣಪತ್ರಗಳಿಲ್ಲದ ಯಂತ್ರಗಳು, ಅವುಗಳಿಂದ ಮಾತ್ರ ಸಹಿಯಾದ ಆರಂಭಿಕ ಕಡತಗಳನ್ನು ಒಪ್ಪುವುದಿಲ್ಲ. ತುರ್ತಾಗಿ ಸರ್ವರನ್ನು ಪುನಃ ಅನುಸ್ಥಾಪಿಸಬೇಕಾದಾಗ ಈ ಕೊರತೆ ತಿಳಿದುಬಂದರೆ ಅದರ ಬೆಲೆ ತೆರುವವರು ಸರದಿಯಲ್ಲಿ ನಿಂತ ಅರ್ಜಿದಾರರೇ. ಆದ್ದರಿಂದ ಹೊಸ ವಿಧಾನವನ್ನು ಮೊದಲು ಕೆಲವೇ ಯಂತ್ರಗಳಲ್ಲಿ ಪರೀಕ್ಷಿಸಿ, ಅದು ಯಶಸ್ವಿಯಾದ ನಂತರವೇ ಹಳೆಯದನ್ನು ಕೈಬಿಡುವುದು ಸೂಕ್ತ.

5. ಅರ್ಜಿದಾರರ ಗಮನಕ್ಕೆ

ಕರ್ನಾಟಕದಲ್ಲಿ 2011ರ ಸಕಾಲ ಅಧಿನಿಯಮದ ವ್ಯಾಪ್ತಿಗೆ ಬರುವ ಸೇವೆಗಳಿಗೆ ಕಾಲಮಿತಿ ನಿಗದಿಯಾಗಿರುತ್ತದೆ. ಸರ್ವರು ಸ್ಥಗಿತಗೊಂಡ ಪ್ರತಿ ಗಂಟೆಯೂ ಆ ಕಾಲಾವಕಾಶದಿಂದಲೇ ಕಳೆದುಹೋಗುತ್ತದೆ. ಅರ್ಜಿಗಳ ದತ್ತಾಂಶವನ್ನು ಸಾಮಾನ್ಯವಾಗಿ ಪ್ರತ್ಯೇಕ ಸಂಗ್ರಹಣಾ ವ್ಯವಸ್ಥೆಯಲ್ಲಿ ಇರಿಸುವುದರಿಂದ ಸರ್ವರಿನ ಮರು ಅನುಸ್ಥಾಪನೆಯಿಂದ ಅರ್ಜಿ ಕಳೆದುಹೋಯಿತೆಂದು ಭಾವಿಸಬೇಕಾಗಿಲ್ಲ. ಆದಾಗ್ಯೂ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆದು, ಸೇವೆ ದೊರೆಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.