ಹಿಡಿದವನಿಗೆ ಕಪ್, ಕವರ್‌ಗೆ ಏನು?

ಈ ಲೇಖನ ಟೈಪ್ ಮಾಡ್ತಿರೋದು ಒಬ್ಬರು, ಹೇಳ್ತಿರೋದು ಇಬ್ಬರು. ನಾವು ನಮ್ಮ ಕಾಲೇಜು ಕಬಡ್ಡಿ ಟೀಮಿನ ಲೆಫ್ಟ್ ಕವರ್ ಮತ್ತು ರೈಟ್ ಕವರ್. ಗ್ರೌಂಡ್‌ನಲ್ಲಿ ನಮ್ಮನ್ನು ನೀವು ನೋಡಿರ್ತೀರಿ, ಆದ್ರೆ ಹೆಸರು ಗೊತ್ತಿರಲ್ಲ. ಯಾಕೆ ಗೊತ್ತಿರಲ್ಲ ಅನ್ನೋದೇ ಈ ಲೇಖನದ ವಿಷಯ. ಹತ್ತನೇ ಕ್ಲಾಸ್‌ವರೆಗೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದೋರು ನಾವು, ಒತ್ತಕ್ಷರ ಎಲ್ಲಾದರೂ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮ ವಾದ ಇಷ್ಟು. ಟೀಮ್ ಸೆಲೆಕ್ಷನ್‌ನಲ್ಲಿ, ಪ್ರಾಕ್ಟೀಸ್‌ನಲ್ಲಿ, ಬಹುಮಾನ ಕೊಡುವಾಗ ನಾವೆಲ್ಲ ಕಾರ್ನರ್‌ನ ಹಿಡಿತವನ್ನು ಮಾತ್ರ ನೋಡ್ತೀವಿ. ಹಿಡಿದ ಮೇಲೆ ದಾಳಿಗಾರ ವಾಪಸ್ ಓಡೋ ದಾರಿಯನ್ನು ಮುಚ್ಚೋರು ಯಾರು ಅಂತ ಕೇಳಲ್ಲ. ಇದರಿಂದ ಪಾಯಿಂಟ್ ಮಾತ್ರ ಹೋಗಲ್ಲ, ಮನುಷ್ಯರ ಕೈಕಾಲೂ ಹೋಗುತ್ತವೆ. ಒಬ್ಬನ ಭುಜ ಹೋಗಿದ್ದನ್ನು ನಾವು ಎದುರಿಗೇ ನಿಂತು ನೋಡಿದ್ದೀವಿ.

ಈ ವಾದ ಶುರುವಾಗಿದ್ದು ಕಬಡ್ಡಿಯಿಂದ ಅಲ್ಲ, ಹಾಸ್ಟೆಲ್‌ನಲ್ಲಿ, ಅಮೆರಿಕನ್ ಫುಟ್‌ಬಾಲ್‌ನಿಂದ. ನಮ್ಮ ರೂಮ್‌ಮೇಟ್ ಒಬ್ಬನಿಗೆ ಅದರ ಹುಚ್ಚು. 2025ರ ಫೆಬ್ರವರಿಯಲ್ಲಿ, ಸೋಮವಾರ ನಸುಕಿನಲ್ಲಿ, ಅವನು ಸೂಪರ್ ಬೌಲ್ ನೋಡೋಕೆ ಕೂತಾಗ ನಮಗೂ ನಿದ್ದೆ ಬಿಡಿಸಿದ. ಮೊದಮೊದಲು ಏನೂ ತಿಳೀಲಿಲ್ಲ. ಲೈನ್‌ಮನ್ ಅಂದ್ರೆ ನಮಗೆ ಗೊತ್ತಿರೋದು ಕರೆಂಟ್ ಕಂಬ ಹತ್ತೋರು ಮಾತ್ರ. ನಿಧಾನಕ್ಕೆ ಅವನೇ ಬಿಡಿಸಿ ಹೇಳಿದ. ಚೆಂಡು ಎಸೆಯೋನು ಕ್ವಾರ್ಟರ್‌ಬ್ಯಾಕ್. ಅವನನ್ನು ತಡೆಯೋಕೆ ಎರಡು ದಾರಿ. ಒಂದು, ನೇರವಾಗಿ ಅವನ ಮೇಲೇ ನುಗ್ಗಿ ಎಸೆಯೋಕೆ ಮುಂಚೆ ಕೆಡವೋದು. ಇದು ಪಾಸ್ ರಶ್. ಇನ್ನೊಂದು, ಚೆಂಡು ಹಿಡಿಯೋಕೆ ಓಡೋರ ಬೆನ್ನು ಬಿಡದೆ ಹಿಂದೆ ಕಾವಲು ನಿಲ್ಲೋದು. ಇದು ಕವರೇಜ್. ನುಗ್ಗೋಕೆ ಜಾಸ್ತಿ ಜನ ಹೋದ್ರೆ ಹಿಂದೆ ಕಾಯೋರು ಕಡಿಮೆ ಆಗ್ತಾರೆ, ಹಿಂದೆ ಜಾಸ್ತಿ ಜನ ನಿಂತ್ರೆ ನುಗ್ಗೋರು ಕಡಿಮೆ. ಯಾವುದಕ್ಕೆ ಹೆಚ್ಚು ದುಡ್ಡು, ಹೆಚ್ಚು ಆಟಗಾರರು ಅಂತ ಅಲ್ಲಿನ ಜನ ವರ್ಷಗಟ್ಟಲೆ ಜಗಳ ಆಡ್ತಾರಂತೆ.

ಅವತ್ತಿನ ಆಟ ಆ ಜಗಳಕ್ಕೆ ಒಳ್ಳೆ ಉದಾಹರಣೆ. ಫಿಲಡೆಲ್ಫಿಯಾ ಈಗಲ್ಸ್ ತಂಡ ಕಾನ್ಸಸ್ ಸಿಟಿ ಚೀಫ್ಸ್ ತಂಡವನ್ನು 40-22ರಿಂದ ಸೋಲಿಸಿತು. ಪ್ಯಾಟ್ರಿಕ್ ಮಹೋಮ್ಸ್ ಥರದ ಕ್ವಾರ್ಟರ್‌ಬ್ಯಾಕ್‌ನನ್ನು ಆರು ಸಲ ಕೆಡವಿದರು. ಆದ್ರೆ ಬ್ಲಿಟ್ಜ್, ಅಂದ್ರೆ ಜಾಸ್ತಿ ಜನರನ್ನು ನುಗ್ಗಿಸೋದು, ಒಂದು ಸಲವೂ ಮಾಡಲಿಲ್ಲ. ಮುಂದಿನ ಸಾಲಿನ ನಾಲ್ಕು ಜನ ನುಗ್ಗಿದರು, ಉಳಿದ ಏಳು ಜನ ಹಿಂದೆ ದಾರಿ ಮುಚ್ಚಿದರು. ಎಸೆಯೋಕೆ ಯಾರೂ ಖಾಲಿ ಸಿಗಲ್ಲ, ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡ್ಕೊಂಡು ಹುಡುಕ್ತಾ ನಿಲ್ತಾನೆ, ಅಷ್ಟರಲ್ಲಿ ನಾಲ್ವರಲ್ಲಿ ಒಬ್ಬ ಬಂದು ಬೀಳಿಸ್ತಾನೆ. ಇದಕ್ಕೆ ಅವರಲ್ಲಿ ಒಂದು ಹೆಸರೇ ಇದೆ: ಕವರೇಜ್ ಸ್ಯಾಕ್. ಕೆಡವಿದ್ದು ಮುಂದಿನವನಾದ್ರೂ ಸಮಯ ಕೊಟ್ಟಿದ್ದು ಹಿಂದಿನವರು ಅಂತ ಒಪ್ಪಿಕೊಳ್ಳೋ ಹೆಸರು. ನಮ್ಮ ಕಬಡ್ಡಿಯಲ್ಲಿ ಅಂಥ ಒಂದು ಪದ ನಾವು ಇಲ್ಲಿವರೆಗೂ ಕೇಳಿಲ್ಲ.

ಈಗ ಕಬಡ್ಡಿಗೆ ಬರೋಣ. ಅಂಕಣದಲ್ಲಿ ಏಳು ಜನ. ಎರಡೂ ತುದಿಗೆ ಕಾರ್ನರ್, ಅವರ ಪಕ್ಕ ಇನ್, ಅವರ ಪಕ್ಕ ಕವರ್, ನಡುವೆ ಸೆಂಟರ್. ಕಾರ್ನರ್ ಕೆಲಸ ಪಾಸ್ ರಶ್ ಥರ: ಹಿಮ್ಮಡಿ ಹಿಡಿ, ತೊಡೆ ಹಿಡಿ, ಆಟ ಮುಗಿಸು. ಟಿವಿಯಲ್ಲಿ ಮತ್ತೆ ಮತ್ತೆ ತೋರಿಸೋದು ಅದನ್ನೇ. ಕವರ್ ಕೆಲಸ ಹೆಸರೇ ಹೇಳುತ್ತೆ.

ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ. ಫುಟ್‌ಬಾಲ್‌ನಲ್ಲಿ ಕಾವಲು ನಿಂತವರು ಎಷ್ಟೇ ಗಟ್ಟಿ ಇದ್ರೂ ಎಷ್ಟು ಹೊತ್ತು ಅಂತ ತಡೀತಾರೆ? ಆ ಹೊತ್ತನ್ನು ಕಡಿಮೆ ಮಾಡೋಕೆ ಯಾರಾದ್ರೂ ನುಗ್ಗಲೇಬೇಕು. ಕಬಡ್ಡಿಯಲ್ಲಿ ಆ ಕೆಲಸವನ್ನು ಗಡಿಯಾರ ಪುಕ್ಕಟೆ ಮಾಡಿಕೊಡುತ್ತೆ. ದಾಳಿಗೆ 30 ಸೆಕೆಂಡ್, ಅಷ್ಟೇ. ಮೇಲಾಗಿ ನಾವು ಅವನ ಹತ್ರ ಹೋಗಬೇಕಿಲ್ಲ, ಅವನೇ ನಮ್ಮ ಮನೆಗೆ ಬರ್ತಾನೆ. ಖಾಲಿ ಕೈಯಲ್ಲಿ ವಾಪಸ್ ಹೋದ್ರೆ ನಮಗೆ ನಷ್ಟ ಇಲ್ಲ. ಸತತ ಎರಡು ರೇಡ್ ಖಾಲಿ ಹೋದ್ರೆ ಮೂರನೇದು ಡು ಆರ್ ಡೈ: ಪಾಯಿಂಟ್ ತರದಿದ್ರೆ ಅವನೇ ಔಟ್. ಅಂದ್ರೆ ತಾಳ್ಮೆಯಿಂದ ನಿಂತವರಿಗೆ ನಿಯಮವೇ ಜೊತೆಗಿದೆ. ಹೀಗಿದ್ದೂ ನಮ್ಮ ಟೀಮಿನಲ್ಲಿ ರೈಡರ್ ಕಾಲಿಟ್ಟ ತಕ್ಷಣ ಮುಂದೆ ಹಾರಿ ಅಡ್ವಾನ್ಸ್ ಟ್ಯಾಕಲ್ ಮಾಡೋನೇ ಹೀರೋ. ತಪ್ಪಿದ್ರೆ ಒಂದು ಪಾಯಿಂಟ್ ಹೋಯ್ತು, ಒಬ್ಬ ಹೊರಗೆ ಹೋದ, ಸರಪಳಿಯಲ್ಲಿ ತೂತೂ ಬಿತ್ತು.

ಇದೆಲ್ಲ ನಮಗೆ ಪುಸ್ತಕದಿಂದ ಬಂದ ಬುದ್ಧಿ ಅಲ್ಲ. ಚಿಕ್ಕನರಗುಂದದಲ್ಲಿ ಬಂತು.

ನಮ್ಮ ಲೆಫ್ಟ್ ಕಾರ್ನರ್‌ನ ಊರು ಅದು. ಪಂಚಮಿಗೆ ಊರಲ್ಲಿ ಪಂದ್ಯ ಇಟ್ಟಾರ, ಟೀಮ್ ಕರ್ಕೊಂಡ್ ಬರ್ತೀನಿ ಅಂತ ಹೇಳಿಬಿಟ್ಟಿದ್ದ. ಹುಬ್ಬಳ್ಳಿಯಿಂದ ನವಲಗುಂದ ದಾಟಿ ನರಗುಂದಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ ಹತ್ತಿದ್ವಿ. ಎರಡೂ ಕಡೆ ಎರಿ ಹೊಲ, ಹೆಸರು ಹಚ್ಚಗೆ ನಿಂತಿತ್ತು. ಅವರ ಅವ್ವ ಶೇಂಗಾ ಉಂಡಿ, ಅಳ್ಳಿಟ್ಟು ಹಾಕಿ ಹಾಕಿ ನಮ್ಮ ತೂಕವನ್ನೇ ಹೆಚ್ಚಿಸಿಬಿಟ್ರು. ಎರಿ ಮಣ್ಣು ಮಳೆಗೆ ಕಾಲಿಗೆ ಮೆತ್ತುತ್ತೆ, ಒಣಗಿದ್ರೆ ಕಲ್ಲು. ಅದಕ್ಕೆ ಹೊರಗಿಂದ ಕೆಂಪು ಮಣ್ಣು ತಂದು ಹಾಸಿದ್ರು. ಜನ ಅಂದ್ರೆ ಜನ. ಮಾಳಿಗೆ ಮೇಲೂ ಕೂತಿದ್ರು.

ಸೆಮಿಫೈನಲ್. ಕೊನೇ ರೇಡ್, ಅದೂ ಡು ಆರ್ ಡೈ. ನಾವು ಒಂದು ಪಾಯಿಂಟ್ ಮುಂದೆ. ಎದುರಾಳಿ ರೈಡರ್ ನಮ್ಮ ಎಡಗಡೆ ಬೋನಸ್ ಗೆರೆ ಹತ್ರ ಕಾಲು ಚಾಚಿದ. ನಮ್ಮ ಕಾರ್ನರ್ ಹಾರಿ ಹಿಮ್ಮಡಿ ಹಿಡಿದ. ಎಂಥಾ ಹಿಡಿತ ಅದು! ಜನ ಎದ್ದು ನಿಂತು ಕೂಗಿದ್ರು. ನಾವೂ ನಿಂತು ನೋಡಿದ್ವಿ. ಹೌದು, ನೋಡಿದ್ವಿ. ಹಿಡಿದಾಯ್ತಲ್ಲ, ಮುಗೀತು ಅಂದುಕೊಂಡ್ವಿ. ಪ್ರಾಕ್ಟೀಸ್‌ನಲ್ಲಿ ಯಾವಾಗ್ಲೂ ಹಾಗೇ, ಅವನು ಹಿಡಿತಾನೆ, ನಾವು ಭೇಷ್ ಅಂತೀವಿ. ಆದ್ರೆ ಆ ರೈಡರ್ ನಿಲ್ಲಲಿಲ್ಲ. ನಮ್ಮ ಕಾರ್ನರ್‌ನನ್ನು ಎಳ್ಕೊಂಡೇ ಮುಂದಕ್ಕೆ ಬಿದ್ದ, ಸೊಂಟಕ್ಕೆ ಕೈ ಹಾಕಿದ ಇನ್‌ನನ್ನೂ ಎಳೆದ, ಕೈ ಚಾಚಿ ನಡುಗೆರೆ ಮುಟ್ಟಿದ. ಎರಡು ಪಾಯಿಂಟ್. ಒಂದು ಪಾಯಿಂಟ್ ಮುಂದಿದ್ದೋರು ಒಂದು ಪಾಯಿಂಟ್‌ನಿಂದ ಸೋತ್ವಿ. ನಾವು ಹಾರಿದ್ದು ಆಮೇಲೆ, ಸಿಕ್ಕಿದ್ದು ಮಣ್ಣು.

ಕಾರ್ನರ್ ಮಾತ್ರ ಏಳಲಿಲ್ಲ. ಭುಜದ ಕೀಲು ತಪ್ಪಿತ್ತು. ನರಗುಂದಕ್ಕೆ ಕರ್ಕೊಂಡು ಹೋಗೋ ಗಾಡಿಯಲ್ಲಿ ಅವನ ಕಾಕಾ ನಮ್ಮಿಬ್ಬರ ಮುಖ ನೋಡಿ ಒಂದೇ ಮಾತು ಅಂದ್ರು: "ಹಿಡಿಯಾಂವ ಹಿಡದಾನ. ನೀವಿಬ್ಬರೂ ಏನ್ ನೋಡ್ಕೋತ ನಿಂತಿದ್ರಿ?" ನಮ್ಮ ಹತ್ರ ಉತ್ತರ ಇರಲಿಲ್ಲ. ಆ ಹೆಸರು ಬಿಡಿಸೋ ಹೊತ್ತಿಗೆ ಮಗನ ಕೈ ಕೊರಳಿಗೆ ಕಟ್ಟಿತ್ತು. ಮನೆಯವರು ಆಳು ಹಚ್ಚಬೇಕಾಯ್ತು.

ಹಾಸ್ಟೆಲ್‌ಗೆ ಬಂದ ಮೇಲೆ ಕೂತು ಲೆಕ್ಕ ಹಾಕಿದ್ವಿ, ಎಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದ್ರೂ ಬೇಡವಾ. ಪುರುಷರ ಅಂಕಣ 13 ಮೀಟರ್ ಉದ್ದ, ಹಾಗಾಗಿ ನಮ್ಮ ಪಾಲು 6.5 ಮೀಟರ್. ನಡುಗೆರೆಯಿಂದ ಬಾಕ್ ಗೆರೆ 3.75 ಮೀಟರ್, ಬೋನಸ್ ಗೆರೆ ಅದಕ್ಕಿಂತ ಒಂದು ಮೀಟರ್ ಹಿಂದೆ, ಅಂದ್ರೆ 4.75. ಅಲ್ಲಿ ಹಿಮ್ಮಡಿ ಸಿಕ್ತು ಅಂದುಕೊಳ್ಳಿ. ಸಾಧಾರಣ ಎತ್ತರದ ಹುಡುಗ ಕೈ ಚಾಚಿ ಉದ್ದಕ್ಕೆ ಬಿದ್ರೆ ಸುಮಾರು 2.2 ಮೀಟರ್ ಆಗ್ತಾನೆ. ಕಳೆದ್ರೆ ಉಳಿಯೋದು 2.55 ಮೀಟರ್. ಮೂರು ಹೆಜ್ಜೆಯೂ ಅಲ್ಲ! ಕಾಲಿಗೆ ಜೋತುಬಿದ್ದ ಒಬ್ಬನನ್ನು ಅಷ್ಟು ದೂರ ಎಳೆಯೋದು ತಾಕತ್ತಿರೋ ರೈಡರ್‌ಗೆ ಕಷ್ಟ ಇಲ್ಲ. ಆ ಎರಡೂವರೆ ಮೀಟರ್ ಇದೆಯಲ್ಲ, ಅದು ಕಾರ್ನರ್‌ನ ಜಾಗ ಅಲ್ಲ. ಅವನು ಹಿಂದೆ ಇದ್ದಾನೆ. ಅದು ನಮ್ಮ ಜಾಗ. ಅಲ್ಲಿ ನಾವು ಅಡ್ಡ ಬರದಿದ್ರೆ ಪೂರ್ತಿ ಎಳೆತ ಅವನ ಒಂದು ಭುಜದ ಮೇಲೆ ಬೀಳುತ್ತೆ.

ಇದಕ್ಕೆ ಎದುರು ವಾದಗಳು ಗೊತ್ತು, ಮೆಸ್‌ನಲ್ಲಿ ದಿನಾ ಕೇಳ್ತೀವಿ. ಮೊದಲನೇದು: ಪ್ರೊ ಕಬಡ್ಡಿಯಲ್ಲಿ ಡಿಫೆಂಡರ್‌ಗಳಲ್ಲಿ ದೊಡ್ಡ ಹೆಸರು ಕಾರ್ನರ್‌ಗಳದ್ದೇ, ಫಜಲ್ ಅತ್ರಾಚಲಿ ನೋಡಿ, ಶಾದ್ಲೂಯಿ ನೋಡಿ. ನಿಜ. ಆದ್ರೆ ಶಾದ್ಲೂಯಿ ಆಡಿದ ಪುಣೇರಿ ಪಲ್ಟನ್ 2024ರ ಮಾರ್ಚ್ 1ರಂದು ಹರಿಯಾಣ ಸ್ಟೀಲರ್ಸ್ ವಿರುದ್ಧ 28-25ರಿಂದ ಕಪ್ ಗೆದ್ದಾಗ ಕವರ್‌ನಲ್ಲಿ ಅಭಿನೇಶ್ ನಡರಾಜನ್, ಸಂಕೇತ್ ಸಾವಂತ್ ಥರದವರಿದ್ರು. ಆ ಟೀಮಿನ ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಇಬ್ಬರು ಗಟ್ಟಿ ಕವರ್ ಬೆನ್ನಿಗಿದ್ದಾರೆ ಅಂತ ಗೊತ್ತಿದ್ರೆ ಯಾವ ಕಾರ್ನರ್‌ಗಾದ್ರೂ ಹಾರೋಕೆ ಧೈರ್ಯ ಬರುತ್ತೆ.

ಎರಡನೇದು ನಮಗೇ ಚುಚ್ಚೋ ವಾದ. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಮೊದಲ ಸಲ ಕಪ್ ಗೆದ್ದ ಫೈನಲ್. ಎದುರಿಗೆ ಗುಜರಾತ್, ಅದರಲ್ಲಿ ಸುನಿಲ್ ಕುಮಾರ್ ಮತ್ತು ಪರ್ವೇಶ್ ಭೈನ್ಸ್‌ವಾಲ್, ಹೆಸರುವಾಸಿ ಕವರ್ ಜೋಡಿ. ಆದ್ರೂ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದ, ಬುಲ್ಸ್ 38-33ರಿಂದ ಗೆದ್ದಿತು. ಹಾಗಾದ್ರೆ ಕವರ್ ಇದ್ದು ಏನು ಬಂತು? ಅಂಥ ದಿನ ಅಂಥ ರೈಡರ್‌ಗೆ ಯಾರಿದ್ರೂ ಕಷ್ಟ ಅಂತಷ್ಟೇ ನಾವು ಹೇಳಬಹುದು. ಕವರ್ ಇದ್ರೆ ಗೆಲ್ತೀವಿ ಅಂತ ನಮ್ಮ ವಾದ ಅಲ್ಲ. ಕವರ್ ಇಲ್ಲದೆ ಕಾರ್ನರ್‌ನನ್ನು ಮುಂದೆ ಬಿಡೋದು ತಪ್ಪು ಅಂತ.

ಮೂರನೇದನ್ನು ಒಪ್ಪಿಕೊಳ್ತೀವಿ. ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ಹಿಡಿದ್ರೆ ಸೂಪರ್ ಟ್ಯಾಕಲ್, ಒಂದು ಪಾಯಿಂಟ್ ಜಾಸ್ತಿ. ಆಗ ಸರಪಳಿ ಕಟ್ಟೋಕೆ ಜನವೇ ಇರಲ್ಲ, ಧೈರ್ಯ ಮಾಡಿ ಕೈ ಹಾಕಲೇಬೇಕು. ಅದು ಬೇರೆ ಲೆಕ್ಕ. ಏಳು ಜನ ಇದ್ದಾಗಲೂ ಮೂರು ಜನ ಇದ್ದಂತೆ ಆಡೋದು ಯಾಕೆ ಅನ್ನೋದು ನಮ್ಮ ಪ್ರಶ್ನೆ.

ಕಾರಣ ನಮಗೆ ಕಾಣೋದು ಒಂದೇ. ನಾವು ಆಡೋ ಪಂದ್ಯಗಳ ಸ್ಕೋರ್ ಶೀಟ್‌ನಲ್ಲಿ ಒಂದು ಹಿಡಿತಕ್ಕೆ ಒಂದೇ ಹೆಸರು. ಊರ ಪಂದ್ಯಗಳಲ್ಲಿ ಬೆಸ್ಟ್ ರೈಡರ್‌ಗೆ ಒಂದು ಕಪ್, ಬೆಸ್ಟ್ ಕ್ಯಾಚರ್‌ಗೆ ಒಂದು ಕಪ್, ಕವರ್‌ಗೆ ಏನೂ ಇಲ್ಲ. ಟೀಮ್ ಸೆಲೆಕ್ಷನ್ ದಿನ ಕೇಳೋದು "ಎಷ್ಟು ಹಿಡಿದಿದ್ದೀ?" ಅಂತ ಮಾತ್ರ. ಹಾಗಿದ್ಮೇಲೆ ಬುದ್ಧಿ ಇರೋ ಹುಡುಗ ಕವರ್ ಯಾಕೆ ನಿಲ್ತಾನೆ? ಕಾರ್ನರ್ ಸಿಗದೆ ಉಳಿದವರು ಕವರ್ ಆಗ್ತಾರೆ. ನಾವಿಬ್ಬರೂ ಹಾಗೇ ಬಂದವರು, ಮುಚ್ಚಿಟ್ಟು ಏನು ಪ್ರಯೋಜನ. ಉಳಿದವರ ಜಾಗ ಅಂದುಕೊಂಡೇ ಅಲ್ಲಿ ನಿಂತ್ವಿ, ಅದಕ್ಕೇ ಅವತ್ತು ನೋಡ್ತಾ ನಿಂತ್ವಿ.

ಹೀಗಾಗಿ ಟೀಮಿಗೆ ನಮ್ಮ ಬೇಡಿಕೆ ಮೂರು. ಒಂದು, ಪ್ರಾಕ್ಟೀಸ್ ನೋಟ್‌ಬುಕ್‌ನಲ್ಲಿ ಹಿಡಿದವನ ಹೆಸರಿನ ಪಕ್ಕ ಇನ್ನೊಂದು ಕಾಲಂ ಬೇಕು: ದಾರಿ ಮುಚ್ಚಿದವನು ಯಾರು. ಆ ಕಾಲಂ ಖಾಲಿ ಇದ್ರೆ ಹಿಡಿತ ಸಿಕ್ಕಿದ್ರೂ ಅದು ಅದೃಷ್ಟ ಅಂತ ಬರೀರಿ. ಎರಡು, ಸರಪಳಿಯಲ್ಲಿ ಕೈ ಒತ್ತಿ ಸೂಚನೆ ಕೊಡೋದನ್ನು ರೂಢಿ ಮಾಡೋಣ. ಕವರ್ ಇನ್‌ನ ಕೈ ಒತ್ತಬೇಕು, ಇನ್ ಕಾರ್ನರ್‌ನ ಕೈ ಒತ್ತಬೇಕು. ಅದು ಬರೋವರೆಗೆ ಕಾರ್ನರ್ ಕೈ ಹಾಕಬಾರದು. ಮೂರು, ಮುಂದಿನ ಸೆಲೆಕ್ಷನ್‌ನಲ್ಲಿ ಮೊದಲು ಕವರ್ ಜೋಡಿಯನ್ನು ಆರಿಸಿ, ಆಮೇಲೆ ಕಾರ್ನರ್. ಅದರಲ್ಲಿ ನಮ್ಮಿಬ್ಬರ ಹೆಸರು ಬರದಿದ್ರೂ ಪರವಾಗಿಲ್ಲ. ನಮಗಿಂತ ಚುರುಕಾದವರು ಜೂನಿಯರ್ಸ್‌ನಲ್ಲಿದ್ದಾರೆ.

ನೋಟ್‌ಬುಕ್‌ನಲ್ಲಿ ಎರಡನೇ ಕಾಲಂನ ಗೆರೆ ನಾವೇ ಎಳೆದಿದ್ದೀವಿ, ಯಾರ ಪರ್ಮಿಷನ್ನೂ ಕೇಳಿಲ್ಲ. ಬರೆಯೋ ಕೆಲಸ ನಮ್ಮ ಲೆಫ್ಟ್ ಕಾರ್ನರ್‌ನದು. ಕೈಯ ಕಟ್ಟು ಬಿಚ್ಚಿದ್ದಾರೆ, ಆದ್ರೆ ಡಾಕ್ಟರ್ ಇನ್ನೂ ಆಡಬೇಡ ಅಂದಿದ್ದಾರೆ. ಹಾಗಾಗಿ ದಿನಾ ಸಂಜೆ ಗೆರೆ ಆಚೆ ಸ್ಟೂಲ್ ಹಾಕ್ಕೊಂಡು ಕೂರ್ತಾನೆ. ನಾವು ಒಂದು ಹೆಜ್ಜೆ ತಡ ಆದ್ರೂ ಪೆನ್ನು ಎತ್ತಿ ಅವನ ಕಾಕಾನ ಧಾಟಿಯಲ್ಲೇ ಕೂಗ್ತಾನೆ, "ಏನ್ ನೋಡ್ಕೋತ ನಿಂತೀರಿ?" ಅಂತ.