ಪುರುಷೋತ್ತಮನಿಗೆ ಹೂಡಿ ತೊಡಿಸಬೇಡಿ

ಹೋದ ವಾರ ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಲ್ಯಾಪ್‌ಟಾಪ್ ತೆರೆದು ಒಂದು ಚಿತ್ರ ತೋರಿಸಿದ. ಕಪ್ಪು ಹೂಡಿ, ಕುರುಚಲು ಗಡ್ಡ, ಕೈಯಲ್ಲಿ ವಿಸ್ಕಿ ಗ್ಲಾಸು, ಮುಂದೆ ಮೂರು ಮಾನಿಟರು. "ಯಾರು ಹೇಳು ನೋಡೋಣ?" ಅಂದ. ನೈಟ್ ಶಿಫ್ಟ್ ಮುಗಿಸಿದ ನಮ್ಮ ಸಪೋರ್ಟ್ ಟೀಮಿನ ಹುಡುಗನ ಹಾಗೆ ಕಾಣ್ತಾನೆ ಅಂದೆ. "ಅಲ್ವೋ, ಪತ್ತೇದಾರ ಪುರುಷೋತ್ತಮ! ಕಾಮಿಕ್ಸ್ ಮಾಡ್ತಿದೀವಿ. ಅಪ್‌ಡೇಟೆಡ್ ವರ್ಷನ್."

ನನಗೆ ಸಿಟ್ಟು ಬಂತು. ಯಾಕೆ ಅಂತ ಹೇಳ್ತೀನಿ.

ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಪುರುಷೋತ್ತಮ, ಮಧುಸೂದನ, ಅರಿಂಜಯ ಎಲ್ಲರೂ ಅವರ ಪತ್ತೇದಾರರೇ. ನಮ್ಮ ಗುಡವಿಯಲ್ಲಿ ನನ್ನ ಸೋದರಮಾವ ಶಾಲೆ ಬಿಟ್ಟದ್ದು ಮೂರನೇ ಕ್ಲಾಸಿಗೆ. ಸೊರಬಕ್ಕೆ ಹೋದಾಗಲೆಲ್ಲ ರಟ್ಟು ಕಿತ್ತ ಹಳೇ ಪತ್ತೇದಾರಿ ತರುತ್ತಿದ್ದರು. ಬೆರಳಿಟ್ಟು, ಅಕ್ಷರ ಕೂಡಿಸಿ ಓದುತ್ತಿದ್ದರು. ಕೊಲೆಗಾರ ಯಾರು ಅಂತ ತಿಳಿಯುವ ಹಟಕ್ಕೇ ಅವರಿಗೆ ಓದು ಬಂತು. ಆಮೇಲೆ ಕೆರೆ ಏರಿ ಮೇಲೆ ಕೂತು, ಬೆಳ್ಳಕ್ಕಿಗಳ ಗಲಾಟೆ ನಡುವೆ, ನಮಗೆ ಓದಿ ಹೇಳುತ್ತಿದ್ದರು. ನರಸಿಂಹಯ್ಯನವರು ಜನಕ್ಕೆ ಓದು ಹಚ್ಚಿದರು ಅಂತಾರಲ್ಲ, ನಮ್ಮನೆ ಮಟ್ಟಿಗೆ ಅದು ಬರೀ ಹೊಗಳಿಕೆಯಲ್ಲ.

ಹಾಗಂತ ಹಳೆಯದನ್ನು ಮುಟ್ಟಲೇಬಾರದು ಅಂತಲ್ಲ. ಲೀ ಫಾಕ್ 1936ರಲ್ಲಿ ಹುಟ್ಟಿಸಿದ ಫ್ಯಾಂಟಮ್ ನನಗೂ ಇಷ್ಟ. ಆದರೆ ಕಾಡಿನ ಜನರನ್ನು ಕಾಯೋಕೆ ಬಿಳಿಯನೇ ಬೇಕು ಅನ್ನೋದು ಇವತ್ತು ನಡೆಯಲ್ಲ. ತಿದ್ದಲಿ. ಎಷ್ಟೋ ಹಳೇ ಪತ್ತೇದಾರಿ ಕಥೆಗಳಲ್ಲಿ ಹೆಂಗಸು ಅಂದ್ರೆ ಒಂದೋ ಹೆಣ, ಇಲ್ಲವೇ ಬಲೆ. ಅದನ್ನೂ ತಿದ್ದಲಿ. ಬಿಬಿಸಿಯವರು 2010ರಲ್ಲಿ ಷೆರ್ಲಾಕ್ ಹೋಮ್ಸ್ ಕೈಗೆ ಮೊಬೈಲ್ ಕೊಟ್ಟರು, ತಲೆ ಮಾತ್ರ ಹಳೆಯದನ್ನೇ ಉಳಿಸಿದರು. ದಿಬಾಕರ್ ಬ್ಯಾನರ್ಜಿ 2015ರಲ್ಲಿ ಬ್ಯೋಮಕೇಶ್ ಬಕ್ಷಿಯನ್ನು 1940ರ ದಶಕದ ಕಲ್ಕತ್ತೆಯಲ್ಲೇ ಬಿಟ್ಟರು. ಎರಡೂ ಸರಿಯೇ.

ನನ್ನ ತಕರಾರು ಬರೀ ಬಟ್ಟೆಯದ್ದಲ್ಲ. ಈ ಹೊಸ ಪುರುಷೋತ್ತಮ ಯಾರಿಗಾಗಿ? ಬೆಲೆ 600 ರೂಪಾಯಿ, ಮಿರಮಿರ ಮಿಂಚುವ ಕಾಗದ, ಮಾತು ಅರ್ಧ ಇಂಗ್ಲಿಷು. ಅಂದ್ರೆ ನಮಗಾಗಿ. ವೀಕೆಂಡಿನ ನಮ್ಮ ಬೇಸರವನ್ನೇ ಅವನ ಗ್ಲಾಸಿಗೆ ಸುರಿದು, ಪಾತ್ರಕ್ಕೆ 'ಆಳ' ಬಂತು ಅಂತ ಬೀಗ್ತೀವಿ.

ಹೋದ ವರ್ಷ ಅದೇ ಮಾವನಿಗೆ ಒಂದು ಫೋನ್ ಬಂತು. "ಕೆವೈಸಿ ಮುಗಿದಿದೆ, ಒಟಿಪಿ ಹೇಳಿ." ಅಡಿಕೆ ಮಾರಿದ ದುಡ್ಡು, ನಲವತ್ತು ಸಾವಿರ, ಹೋಯ್ತು. ನಾನು ಊರಿಗೆ ಹೋದಾಗ ಅವರು ಹೇಳಿದ್ದು ಇಷ್ಟೇ: "ಅಷ್ಟು ಪತ್ತೇದಾರಿ ಓದಿದೀನಿ ಮಾರಾಯ, ಇಂಥ ಕಳ್ಳ ಒಂದರಲ್ಲೂ ಇರ್ಲಿಲ್ಲ."

ಅಪ್‌ಡೇಟ್ ಆಗಬೇಕಾದವನು ಈ ಕಳ್ಳ. ಲೋನ್ ಆ್ಯಪಿನವನು, 'ಡಿಜಿಟಲ್ ಅರೆಸ್ಟ್' ಅಂತ ವಿಡಿಯೋ ಕಾಲಿನಲ್ಲಿ ಹೆದರಿಸುವವನು ಕಥೆಗೆ ಬರಲಿ. ಪುರುಷೋತ್ತಮ ಇಸ್ತ್ರಿ ಶರ್ಟಿನಲ್ಲೇ ಬಸ್ಸಿಳಿದು ಬಂದು ಅವನನ್ನು ಹಿಡಿಯಲಿ. ಬೆರಳಿಟ್ಟು ಓದೋರಿಗೂ ದಕ್ಕುವ ಕನ್ನಡ ಮಾತಾಡಲಿ. ಪುಸ್ತಕ 30 ರೂಪಾಯಿಗೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ನೇತಾಡಲಿ.

"ಅದಕ್ಕೆ ಮಾರ್ಕೆಟ್ ಇಲ್ಲ ಕಣೋ" ಅಂದ ಗೆಳೆಯ. ಮೂರನೇ ಕ್ಲಾಸಿನವರು ಪುಸ್ತಕ ಕೊಳ್ತಾರೆ ಅಂತ ನರಸಿಂಹಯ್ಯನವರಿಗೆ ಮಾತ್ರ ಯಾವ ಸರ್ವೇ ಹೇಳಿತ್ತಪ್ಪಾ? ನೀನು ಮಾಡು, ಮೊದಲ ಪ್ರತಿ ಗುಡವಿಗೆ ನಾನೇ ಒಯ್ದು ಕೊಡ್ತೀನಿ. ಮಾವ ಕೊನೇ ಪುಟದವರೆಗೂ ಓದಿದ್ರೆ, ನಿನ್ನ ಹೂಡಿಯನ್ನೂ ಒಪ್ಕೋತೀನಿ.