ಹೊಸಬರನ್ನು ಹಳ್ಳಿಗೆ ಕಳುಹಿಸಿ
ಬೇಸಿಗೆಯಲ್ಲಿ ಇಂಟರ್ನ್‌ಶಿಪ್‌ಗೆಂದು ಪತ್ರಿಕೆಗಳಿಗೆ ಬರುವ ಎಷ್ಟೋ ವಿದ್ಯಾರ್ಥಿಗಳಿಗೆ ಸಿಗುವುದು ಪ್ರೆಸ್‌ನೋಟ್‌ ತಿದ್ದುವ ಕೆಲಸ. ಅದರಿಂದ ಭಾಷೆ ಪಳಗೀತು, ವರದಿಗಾರಿಕೆ ಬಾರದು. ಬೇಸಿಗೆಯ ದೊಡ್ಡ ಸುದ್ದಿ ಕುಡಿಯುವ ನೀರು. ಆ ಸುದ್ದಿ ಇರುವುದು ಬತ್ತಿದ ಕೊಳವೆಬಾವಿಯ ಬಳಿ, ಪಂಚಾಯಿತಿಯ ಟ್ಯಾಂಕರ್‌ ಬಿಲ್ಲುಗಳಲ್ಲಿ. ಬಿಲ್ಲಿನಲ್ಲಿ ದಿನಕ್ಕೆ ನಾಲ್ಕು ಟ್ರಿಪ್‌ ಎಂದಿದ್ದು, ಕೊಡ ಹಿಡಿದು ನಿಂತ ಹೆಂಗಸರು ಎರಡೇ ಬಂದವು ಎಂದರೆ ಆ ವ್ಯತ್ಯಾಸವೇ ವರದಿ. ದಾಖಲೆ ಕೇಳಲು 2005ರ ಮಾಹಿತಿ ಹಕ್ಕು ಕಾಯ್ದೆಯಿದೆ, ಉತ್ತರಕ್ಕೆ 30 ದಿನಗಳ ಗಡುವೂ ಇದೆ. ಅನುಭವವಿಲ್ಲದವರು ತಪ್ಪು ಬರೆದಾರೆಂಬ ಅಳುಕು ಸಹಜವೇ. ಅಂಥ ತಪ್ಪನ್ನು ತಡೆಯಲೆಂದೇ ಮುಖ್ಯ ವರದಿಗಾರರಿದ್ದಾರೆ, ಡೆಸ್ಕ್‌ ಇದೆ. ಬಸ್‌ಚಾರ್ಜು, ಊಟದ ಖರ್ಚನ್ನಾದರೂ ಹಳ್ಳಿಗೆ ಹೋಗುವ ವಿದ್ಯಾರ್ಥಿಗಳಿಗೆ ಕೊಡದಿದ್ದರೆ ಬಡವರ ಮಕ್ಕಳು ಈ ವೃತ್ತಿಯ ಹತ್ತಿರವೂ ಸುಳಿಯಲಾರರು. ಸಂಪಾದಕರು ದಯವಿಟ್ಟು ಈ ಬೇಸಿಗೆಯಿಂದಲೇ ಇಷ್ಟನ್ನು ಶುರುಮಾಡಲಿ.